ದಾರ ಕಂಡರೂ ಹಾರುವ ರಾಕ್ಷಸ

‘ಡಬ್ಬಾ ಪಿಕ್ಚರ್ ಗುರು, ಆದ್ರೆ ನೋಡೋಕೆ ಮಜಾ ಇದೆ.’ ಮಾಯ, ಮಂತ್ರ, ನಾಗಕನ್ಯೆ, ಹಾರುವ ರಾಕ್ಷಸ ಇರುವ ಕಡಿಮೆ ಖರ್ಚಿನ ಸಿನಿಮಾ ನೋಡಿ ಬಂದವರ ಬಾಯಲ್ಲಿ ಈ ಮಾತು ಸಾಮಾನ್ಯ. ವಿಮರ್ಶೆ ಬರೆಯುವವರು ಇದರ ಮೊದಲರ್ಧವನ್ನಷ್ಟೇ ಹಿಡಿದು ಐದಕ್ಕೆ ಒಂದೂವರೆ ಸ್ಟಾರ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಟ್ರೋಲ್ ತುಣುಕು ಕತ್ತರಿಸುವವರು ಎರಡನೆಯ ಅರ್ಧವನ್ನು ಹಿಡಿದು, ರಾಕ್ಷಸನ ಬೆನ್ನಿನ ಹಗ್ಗ ಕಾಣುವ 20 ಸೆಕೆಂಡನ್ನು ಊರಿಗೆಲ್ಲ ಹಂಚುತ್ತಾರೆ. ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಂತಿದೆ: ಸಿನಿಮಾ ಕೆಟ್ಟದಾಗಿದೆ, ಆ ಕೆಟ್ಟತನವೇ ಮಜಾ ಕೊಡುತ್ತಿದೆ. ಈ ತಿಳಿವಳಿಕೆಯೇ ತಪ್ಪು ಎಂಬುದು ನನ್ನ ವಾದ. ಕೆಟ್ಟ ಸಿನಿಮಾಗಳು ಸಾವಿರಾರಿವೆ, ಅವುಗಳಲ್ಲಿ ಬಹುಪಾಲು ಬರೀ ಬೇಸರ ತರಿಸುತ್ತವೆ. ಖುಷಿ ಕೊಡುವುದು ಕೆಲವೇ ಕೆಲವು. ಕೆಟ್ಟತನವೇ ಖುಷಿಗೆ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಆ ಕೆಲವು ಚಿತ್ರಗಳಲ್ಲಿ ಬೇರೇನೋ ಇದೆ. ಜೇಬಿನಲ್ಲಿ ಕಾಸಿಲ್ಲದವರು ಇಂದ್ರಲೋಕವನ್ನೇ ಕಟ್ಟಲು ಹೊರಟ ಛಲ, ಅದಕ್ಕಾಗಿ ಹೂಡಿದ ಉಪಾಯ, ಅದರ ಹಿಂದಿನ ಕೈಕೆಲಸ ಎಲ್ಲವೂ ನಮ್ಮ ಕಣ್ಣೆದುರೇ ಇವೆ. ಅದನ್ನು ಅಳೆಯುವ ಕೋಲೂ ಬೇರೆಯೇ ಆಗಬೇಕು.

ಆ ಕೋಲು ಎಂಥದ್ದು ಎಂಬುದನ್ನು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಯಾವುದೇ ಶೆಡ್ಡಿನಲ್ಲಿ ತಿಳಿಯಬಹುದು. ಲೇತ್, ಡೈ, ಪ್ಲೇಟಿಂಗ್, ಪೌಡರ್ ಕೋಟಿಂಗ್, ಪ್ಲಾಸ್ಟಿಕ್ ಮೋಲ್ಡಿಂಗ್ ಎಂದು ಸಣ್ಣ ಸಣ್ಣ ಜಾಬ್‌ವರ್ಕ್ ಘಟಕಗಳಿಂದ ತುಂಬಿದ ಪ್ರದೇಶ ಅದು. ಅಲ್ಲಿ ಒಂದು ಪೀಸ್ ಪಾಸೋ ರಿಜೆಕ್ಟೋ ಎಂದು ತೀರ್ಮಾನವಾಗುವುದು ಅದರ ಜೊತೆ ಬಂದ ಡ್ರಾಯಿಂಗ್ ನೋಡಿ. ಕಿಟಕಿ ಗ್ರಿಲ್‌ನ ಬ್ರಾಕೆಟ್ಟನ್ನು ವಿಮಾನದ ಬಿಡಿಭಾಗದ ಅಳತೆಗೆ ಹಿಡಿದು ‘ಇದು ಕಳಪೆ’ ಎನ್ನುವವನನ್ನು ಯಾವ ಶೆಡ್ಡಿನಲ್ಲೂ ಇನ್‌ಸ್ಪೆಕ್ಷನ್‌ಗೆ ಕೂರಿಸುವುದಿಲ್ಲ. ಹಾಗೆಂದು, ಬ್ರಾಕೆಟ್ಟು ತಾನೇ ಎಂದು ತೂತು ಎರಡು ಮಿಲಿಮೀಟರ್ ಆಚೀಚೆ ಹೊಡೆದರೆ ಯಾರೂ ಸುಮ್ಮನಿರುವುದೂ ಇಲ್ಲ. ಮೆಟೀರಿಯಲ್ ಅಗ್ಗದ್ದು ಎಂಬುದು ಒಂದು ಮಾತು, ಕೆಲಸ ಅಜಾಗರೂಕ ಎಂಬುದು ಬೇರೆಯೇ ಮಾತು. ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್, ಅಂಜನ್ ಚಿತ್ರಮಂದಿರಗಳ ಸುತ್ತ ಬದುಕುವ ಕೆಲಸಗಾರರಿಗೆ ಈ ವ್ಯತ್ಯಾಸ ದಿನದ ದುಡಿಮೆಯಲ್ಲೇ ಗೊತ್ತು. ಸ್ಟಾರ್ ಲೆಕ್ಕಾಚಾರ ಈ ಎರಡನ್ನೂ ಒಂದೇ ಮೂಟೆಗೆ ಕಟ್ಟಿಬಿಟ್ಟಿದೆ. ಸಿನಿಮಾಕ್ಕೂ ಅದರದೇ ಒಂದು ಡ್ರಾಯಿಂಗ್ ಇರುತ್ತದೆ: ತಾನು ಏನು ಆಗಲು ಹೊರಟಿದ್ದೇನೆ, ನೋಡುವವರಿಂದ ಏನನ್ನು ಕೇಳುತ್ತಿದ್ದೇನೆ ಎಂಬುದನ್ನು ಮೊದಲ ಎರಡು ರೀಲುಗಳಲ್ಲೇ ಅದು ಹೇಳಿಬಿಡುತ್ತದೆ. ಅಂಕ ಕೊಡಬೇಕಾದ್ದು ಆ ಮಾತನ್ನು ಎಷ್ಟು ಉಳಿಸಿಕೊಂಡಿತು ಎಂಬುದಕ್ಕೆ.

ಕನ್ನಡದಲ್ಲಿ ಈ ಬಗೆಯ ಸಿನಿಮಾದ ತವರು ಮೈಸೂರಿನ ಮಹಾತ್ಮ ಪಿಕ್ಚರ್ಸ್. ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠಲಾಚಾರ್ಯ ಸೇರಿ ಕಟ್ಟಿದ ಸಂಸ್ಥೆ. ಉಡುಪಿ ಬಳಿಯ ಉದ್ಯಾವರದಲ್ಲಿ 1920ರಲ್ಲಿ ಹುಟ್ಟಿದ ವಿಠಲಾಚಾರ್ಯರು ಅರಸೀಕೆರೆಯಲ್ಲಿ ಹೋಟೆಲು ನಡೆಸಿದವರು, ಆಮೇಲೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿದವರು. ಟೆಂಟಿನೊಳಗೆ ನೆಲದ ಮೇಲೆ ಕೂತ ಜನ ಯಾವ ದೃಶ್ಯಕ್ಕೆ ಉಸಿರು ಬಿಗಿಹಿಡಿಯುತ್ತಾರೆ, ಯಾವಾಗ ಎದ್ದು ಬೀಡಿ ಸೇದಲು ಹೋಗುತ್ತಾರೆ ಎಂಬುದನ್ನು ಪರದೆಯ ಪಕ್ಕದಲ್ಲೇ ನಿಂತು ಕಲಿತ ಮನುಷ್ಯ ಎಂದರೆ ತಪ್ಪಾಗದು. ಈ ಸಂಸ್ಥೆಯಿಂದ 1949ರಲ್ಲಿ ‘ನಾಗಕನ್ನಿಕಾ’ ಬಂತು, 1951ರಲ್ಲಿ ‘ಜಗನ್ಮೋಹಿನಿ’. ಹರಿಣಿ, ಪ್ರತಿಮಾದೇವಿ ನಟಿಸಿದ ‘ಜಗನ್ಮೋಹಿನಿ’ಗೆ ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂಬ ಖ್ಯಾತಿ ಇದೆ. ಕನ್ನಡ ಚಿತ್ರೋದ್ಯಮಕ್ಕೆ ‘ಇದರಲ್ಲಿ ದುಡ್ಡು ಹುಟ್ಟುತ್ತದೆ’ ಎಂಬ ಧೈರ್ಯ ತಂದುಕೊಟ್ಟ ಆರಂಭದ ಚಿತ್ರಗಳಲ್ಲಿ ಮಾಯಾಮೋಹಿನಿಯ ಕಥೆಯೂ ಒಂದು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಶಂಕರ್ ಸಿಂಗ್, ಪ್ರತಿಮಾದೇವಿ ದಂಪತಿಯ ಮಗ ರಾಜೇಂದ್ರಸಿಂಗ್ ಬಾಬು ನಿರ್ದೇಶನಕ್ಕೆ ಕಾಲಿಟ್ಟದ್ದೂ 1975ರಲ್ಲಿ ವಿಷ್ಣುವರ್ಧನ್ ನಟಿಸಿದ ‘ನಾಗಕನ್ಯೆ’ಯಿಂದಲೇ. ವಿಠಲಾಚಾರ್ಯರು ಮದರಾಸಿಗೆ ಹೋಗಿ, ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ ಎನಿಸಿಕೊಂಡರು. 1963ರಲ್ಲಿ ರಾಜ್‌ಕುಮಾರ್, ಲೀಲಾವತಿ ಅವರ ‘ವೀರಕೇಸರಿ’ ಮಾಡಿದಾಗ ಅದೇ ಕಥೆಯನ್ನು ಅದೇ ವರ್ಷ ಎನ್.ಟಿ. ರಾಮರಾವ್ ಅವರೊಂದಿಗೆ ತೆಲುಗಿನಲ್ಲಿ ‘ಬಂದಿಪೋಟು’ ಎಂದೂ ತೆಗೆದರು. 1951ರ ಕನ್ನಡ ಚಿತ್ರದ ಹೆಸರನ್ನೇ 1978ರಲ್ಲಿ ಮತ್ತೆ ಎತ್ತಿಕೊಂಡು, ಜಯಮಾಲಿನಿಯನ್ನು ಮೋಹಿನಿಯಾಗಿಸಿ, ದಕ್ಷಿಣದುದ್ದಕ್ಕೂ ಜನ ಸೇರಿಸಿದರು.

ಅವರ ಮಿತವ್ಯಯದ ಬಗ್ಗೆ ಚಿತ್ರರಂಗದಲ್ಲಿ ಬಹಳ ಕಾಲದಿಂದ ಓಡಾಡುವ ಒಂದು ಕಥೆಯಿದೆ. ಯಾವನಾದರೂ ನಟ ಕಾಲ್‌ಷೀಟ್ ವಿಚಾರದಲ್ಲಿ ಸತಾಯಿಸಿದರೆ, ಸಂಭಾವನೆ ಏರಿಸಿ ಕೂತರೆ, ವಿಠಲಾಚಾರ್ಯರು ಜಗಳಕ್ಕೆ ಹೋಗುತ್ತಿರಲಿಲ್ಲವಂತೆ. ಋಷಿಯೊಬ್ಬನಿಂದ ಆ ಪಾತ್ರಕ್ಕೆ ಶಾಪ ಕೊಡಿಸಿ, ಗಿಳಿಯನ್ನಾಗಿಯೋ ಮೇಕೆಯನ್ನಾಗಿಯೋ ಮಾಡಿಬಿಡುತ್ತಿದ್ದರಂತೆ. ಆಮೇಲಿನ ಶೂಟಿಂಗ್ ಗಿಳಿಯೊಂದಿಗೆ ನಡೆಯುತ್ತಿತ್ತು. ಇದರ ಪಕ್ಕದಲ್ಲಿ ಅಮೆರಿಕದ ಇನ್ನೊಂದು ಪ್ರಸಂಗವನ್ನಿಟ್ಟು ನೋಡಬೇಕು. ಎಡ್ ವುಡ್ ನಿರ್ದೇಶಿಸಿದ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಚಿತ್ರಕ್ಕೆ ಬೇಕಿದ್ದ ನಟ ಬೇಲಾ ಲುಗೋಸಿ 1956ರಲ್ಲೇ ತೀರಿಕೊಂಡಿದ್ದರು. ಕೈಯಲ್ಲಿದ್ದದ್ದು ಕೆಲವೇ ನಿಮಿಷಗಳ ಚಿತ್ರಿಕೆ. ಉಳಿದ ದೃಶ್ಯಗಳಿಗೆ ವುಡ್ ಬೇರೊಬ್ಬನನ್ನು ತಂದು, ಮುಖಕ್ಕೆ ಮೇಲಂಗಿ ಅಡ್ಡ ಹಿಡಿಸಿ ನಡೆಸಿದರು. 1980ರಲ್ಲಿ ಮೆಡ್ವೆಡ್ ಸಹೋದರರ ‘ಗೋಲ್ಡನ್ ಟರ್ಕಿ ಅವಾರ್ಡ್ಸ್’ ಪುಸ್ತಕ ಇದನ್ನು ಈವರೆಗಿನ ಅತಿ ಕೆಟ್ಟ ಚಿತ್ರವೆಂದು ಸಾರಿತು. ಆ ಪಟ್ಟದಿಂದಲೇ ಅದು ಜಗತ್ಪ್ರಸಿದ್ಧವಾಯಿತು. ಎರಡೂ ಕಡೆ ತೊಂದರೆ ಒಂದೇ: ನಟನಿಲ್ಲ, ದುಡ್ಡಿಲ್ಲ, ಚಿತ್ರ ನಿಲ್ಲಿಸುವಂತಿಲ್ಲ. ಆದರೆ ವಿಠಲಾಚಾರ್ಯರ ಗಿಳಿ ಕಥೆಯೊಳಗೇ ಹುಟ್ಟಿ ಕಥೆಯೊಳಗೇ ಬದುಕುತ್ತದೆ. ಶಾಪ, ವಿಮೋಚನೆ, ಪಂಜರದೊಳಗಿನ ರಾಜಕುಮಾರ ಇವೆಲ್ಲ ಅಜ್ಜಿಕಥೆಯ ನಿಯಮಕ್ಕೆ ಒಪ್ಪುವಂಥವು, ಗಿಳಿಯನ್ನು ಕಂಡು ಯಾರೂ ‘ಇದೇನಿದು’ ಎನ್ನುವುದಿಲ್ಲ. ವುಡ್‌ನ ಮೇಲಂಗಿಗೆ ಆ ಚಿತ್ರದ ಲೋಕದಲ್ಲಿ ಯಾವ ಕಾರಣವೂ ಇಲ್ಲ. ಎರಡನ್ನೂ ಪ್ರೀತಿಯಿಂದಲೇ ನೋಡಬಹುದು. ಅಂಕ ಮಾತ್ರ ಒಂದೇ ಆಗಲಾರದು. ಬಡತನವನ್ನು ಕಥೆಯ ಗುಣವನ್ನಾಗಿ ಮಾರ್ಪಡಿಸಿದವನ ಕೆಲಸ, ಬಡತನವನ್ನು ಬಟ್ಟೆಯಿಂದ ಮುಚ್ಚಿದವನ ಕೆಲಸಕ್ಕಿಂತ ಮೇಲಿನದು.

ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಾಕ್ಷಸ ಮಾಯವಾಗಬೇಕು. ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿದು ನಿಲ್ಲಿಸುತ್ತಾರೆ. ರಾಕ್ಷಸ ಕೈಯೆತ್ತಿ ಗಹಗಹಿಸುತ್ತಾನೆ. ‘ಕಟ್’ ಎಂದ ಕೂಡಲೇ ಚೌಕಟ್ಟಿನಲ್ಲಿರುವ ಮಿಕ್ಕವರೆಲ್ಲ ಇದ್ದಂತೆಯೇ ಕಲ್ಲಾಗಿ ನಿಲ್ಲಬೇಕು. ಎತ್ತಿದ ಕತ್ತಿ ಎತ್ತಿದಲ್ಲೇ, ತೆರೆದ ಬಾಯಿ ತೆರೆದಂತೆಯೇ. ರಾಕ್ಷಸನ ವೇಷದವರು ಮೆಲ್ಲಗೆ ಆಚೆ ಸರಿಯುತ್ತಾರೆ. ಅವರು ನಿಂತಿದ್ದ ಜಾಗದಲ್ಲಿ ಹೊಗೆ ಹಾಕುತ್ತಾರೆ. ಮತ್ತೆ ಕ್ಯಾಮೆರಾ ಓಡುತ್ತದೆ. ತೆರೆಯ ಮೇಲೆ ಇದು ಅರೆಕ್ಷಣ. ಈಗ ಚಿತ್ರವನ್ನು ಅಲ್ಲಿಗೆ ನಿಲ್ಲಿಸಿ ನೋಡಿದರೆ ರಾಜಕುಮಾರನ ಭುಜ ಒಂದು ಕೂದಲೆಳೆಯಷ್ಟು ಕೆಳಗೆ ಜಾರಿರುವುದು, ಪಕ್ಕದ ಸಖಿಯ ಸೆರಗಿನ ಮಡಿಕೆ ಬದಲಾಗಿರುವುದು ಕಾಣುತ್ತದೆ. ಟ್ರೋಲ್ ಮಾಡುವವನಿಗೆ ಸಿಕ್ಕುವ ಸರಕು ಇದೇ. ನನಗೆ ಅಲ್ಲಿ ಕಾಣುವುದು ಬೇರೆ: ಕಿರೀಟ, ಎದೆಕವಚ ಹೊತ್ತು, ದೊಡ್ಡ ದೀಪಗಳ ಕಾವಿನಲ್ಲಿ, ರೆಪ್ಪೆ ಮಿಟುಕಿಸದೆ ನಿಂತ ಹತ್ತಾರು ಜನ. ಕಚ್ಚಾ ಫಿಲ್ಮು ವಿದೇಶದಿಂದ ಬರಬೇಕಿದ್ದ ಕಾಲ ಅದು. ಅರ್ಧ ಲೆನ್ಸ್ ಮುಚ್ಚಿ ಒಮ್ಮೆ, ಫಿಲ್ಮನ್ನು ಹಿಂದಕ್ಕೆ ಸುತ್ತಿ ಮಿಕ್ಕರ್ಧ ಮುಚ್ಚಿ ಇನ್ನೊಮ್ಮೆ ಎಂದು ಒಂದೇ ನೆಗೆಟಿವ್ ಮೇಲೆ ಎರಡು ಸಲ ಚಿತ್ರ ಮೂಡಿಸುವಾಗ, ಎರಡನೆಯ ಸಲ ಎಡವಿದರೆ ಮೊದಲ ಸಲದ ದುಡಿಮೆಯೂ ಹಾಳು. ಮುಂಬೈಯ ಬಾಬುಭಾಯಿ ಮಿಸ್ತ್ರಿ 1937ರ ‘ಖ್ವಾಬ್ ಕೀ ದುನಿಯಾ’ದಲ್ಲಿ ಕಪ್ಪು ಪರದೆಯ ಮುಂದೆ ಕಪ್ಪು ದಾರ ಕಟ್ಟಿ ವಸ್ತುಗಳು ತಾವಾಗಿಯೇ ಓಡಾಡುವಂತೆ ಮಾಡಿದರು, ಉದ್ಯಮದವರು ಅವರನ್ನು ‘ಕಾಲಾ ಧಾಗಾ’ ಎಂದೇ ಕರೆದರು. ದಾರದ ಹೆಸರು ಮನುಷ್ಯನಿಗೆ ಬಿರುದಾಗಿ ಬಂದ ಈ ಸಂಗತಿಯಲ್ಲಿ, ಆ ಕಾಲದವರು ಇಂಥ ಕೆಲಸಕ್ಕೆ ಎಂಥ ಅಂಕ ಕೊಟ್ಟಿದ್ದರೆಂಬುದು ಗೊತ್ತಾಗುತ್ತದೆ.

ಹಗ್ಗ ಕಂಡರೆ ಕಲ್ಪನೆ ಒಡೆಯುತ್ತದೆ ಎಂಬ ನಂಬಿಕೆ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಯಕ್ಷಗಾನದ ಬಣ್ಣದ ವೇಷವನ್ನು ನೋಡಿ. ಬಣ್ಣ ಹಚ್ಚುವ ಚೌಕಿಯಲ್ಲಿ ಕಲಾವಿದ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು, ಸುಣ್ಣದಿಂದ ಮುಖದ ಮೇಲೆ ಚಿಟ್ಟಿ ಇಡುವುದನ್ನು ಊರ ಮಕ್ಕಳೆಲ್ಲ ಬಗ್ಗಿ ನೋಡಿರುತ್ತಾರೆ. ರಂಗಸ್ಥಳದಲ್ಲಿ ಇಬ್ಬರು ತೆರೆ ಹಿಡಿದು ನಿಂತಿರುವುದೂ, ದೊಂದಿಗೆ ರಾಳದ ಪುಡಿ ಎರಚುವ ಕೈಯೂ ಎಲ್ಲರಿಗೂ ಕಾಣುತ್ತದೆ. ಆದರೂ ತೆರೆ ಸರಿದು ರಾಕ್ಷಸ ಅಬ್ಬರಿಸಿದಾಗ ಮುಂದಿನ ಸಾಲಿನ ಮಗು ಅಮ್ಮನ ಮಡಿಲಲ್ಲಿ ಮುಖ ಹುದುಗಿಸುತ್ತದೆ. ಹೇಗೆ ಮಾಡಿದರೆಂಬ ಅರಿವೂ ಅದರಿಂದಾದ ಬೆರಗೂ ಒಂದೇ ಮನಸ್ಸಿನಲ್ಲಿ ಜೊತೆಯಾಗಿ ಇರಬಲ್ಲವು. ಕಂಪನಿ ನಾಟಕಗಳೂ ಇದೇ ದಾರಿ ಹಿಡಿದವು. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು ನಿಜ, ಆದರೆ ಆ ಆನೆಯ ಹಿಂದೆ ಇದ್ದದ್ದು ಬಣ್ಣ ಬಳಿದ ಪರದೆ. ಟ್ರಿಕ್ ಸೀನಿಗೆ ಜನ ಹಾಕುತ್ತಿದ್ದ ಶಿಳ್ಳೆಯಲ್ಲಿ ‘ಹೇಗೆ ಮಾಡಿದರಪ್ಪ’ ಎಂಬ ಮೆಚ್ಚುಗೆಯೂ ಸೇರಿತ್ತು. ಉದ್ಯಾವರದಿಂದ ಬಂದ ವಿಠಲಾಚಾರ್ಯರಿಗೆ ನೋಡುವವರೊಂದಿಗಿನ ಈ ಒಪ್ಪಂದ ಹೊಸದಾಗಿರಲಿಕ್ಕಿಲ್ಲ. ಅವರ ಚಿತ್ರಗಳ ದೆವ್ವ ಸೌದೆ ಸಾಲದೆ ತನ್ನ ಕಾಲನ್ನೇ ಒಲೆಗೆ ಚಾಚಿ ಅಡುಗೆ ಮಾಡುವಾಗ, ಕಾಲು ನಿಜವಾಗಿ ಉರಿಯುತ್ತಿದೆಯೆಂದು ನಂಬಿಸುವ ಹಟ ಅಲ್ಲಿಲ್ಲ. ಅಡುಗೆಮನೆಯಲ್ಲಿ ದೆವ್ವವಿದ್ದರೆ ಏನು ಮಾಡೀತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರದ ಸೊಗಸು ಅಲ್ಲಿದೆ. ಆ ಉತ್ತರ ಹೊಳೆಯಲು ಹಣ ಬೇಕಾಗಿಲ್ಲ, ತಲೆ ಬೇಕು.

‘ವೀರಕೇಸರಿ’ ಬಂದ 1963ರಲ್ಲೇ ಬ್ರಿಟನ್, ಅಮೆರಿಕಗಳಿಂದ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಬಂತು. ರೇ ಹ್ಯಾರಿಹೌಸನ್ ಅದರ ಅಸ್ಥಿಪಂಜರಗಳ ಕಾಳಗವೊಂದಕ್ಕೇ ನಾಲ್ಕು ತಿಂಗಳಿಗೂ ಹೆಚ್ಚು ಕಾಲ, ಗೊಂಬೆಗಳನ್ನು ಫ್ರೇಮಿಗೊಂದು ಸಲ ಕದಲಿಸುತ್ತ ಕೂತಿದ್ದರು. ಅದೇ ವರ್ಷ ತೆರೆಗೆ ಬಂದ ‘ದಿ ಟೆರರ್’ ಚಿತ್ರವನ್ನು ರೋಜರ್ ಕಾರ್ಮನ್, ‘ದಿ ರೇವನ್’ ಚಿತ್ರದ ಸೆಟ್ಟುಗಳು ಇನ್ನೂ ನಿಂತಿರುವಾಗಲೇ ಅವುಗಳ ಮಧ್ಯೆ ತೆಗೆಯಲು ಶುರುಮಾಡಿದ್ದರು. ಹ್ಯಾರಿಹೌಸನ್ನರ ಅಸ್ಥಿಪಂಜರಗಳು ಇವತ್ತಿನ ಕಣ್ಣಿಗೆ ಕೃತಕವೇ, ಆದರೂ ಅವು ಹಳತಾಗಿಲ್ಲ. ‘ದಿ ಟೆರರ್’ನ ಕೋಟೆಯ ಗೋಡೆಗಳು ಚೆನ್ನಾಗಿಯೇ ಇವೆ, ಕಥೆ ಮಾತ್ರ ಎಲ್ಲಿಂದಲೋ ಎಲ್ಲಿಗೋ ಹೋಗುತ್ತದೆ. ಕಾರ್ಮನ್ ಮತ್ತು ವಿಠಲಾಚಾರ್ಯ ಇಬ್ಬರೂ ಉಳಿತಾಯದಲ್ಲಿ ನಿಸ್ಸೀಮರು. ಒಬ್ಬರ ಉಳಿತಾಯ ಕೆಲವೊಮ್ಮೆ ಕಥೆಯನ್ನೇ ತಿಂದಿತು, ಇನ್ನೊಬ್ಬರದು ಕಥೆಗೆ ಗಿಳಿಯನ್ನು ಕೊಟ್ಟಿತು.

ಇಲ್ಲಿ ಒಂದು ಸಮಂಜಸವಾದ ಪ್ರಶ್ನೆ ಏಳುತ್ತದೆ. ಹಗ್ಗವನ್ನು ಕ್ಷಮಿಸುವ ನಾವು ಅಗ್ಗದ ಗ್ರಾಫಿಕ್ಸನ್ನು ಏಕೆ ಕ್ಷಮಿಸುವುದಿಲ್ಲ? ಹಳತೆಂಬ ಮೋಹವೇ? ಭಾಗಶಃ ಇರಬಹುದು. ಆದರೆ ಅದಕ್ಕಿಂತ ಗಟ್ಟಿಯಾದ ಕಾರಣವೊಂದಿದೆ. ರಟ್ಟಿನ ಹಾವಾಗಲಿ, ರಬ್ಬರಿನ ಹಾವಾಗಲಿ, ಅದು ಲೆನ್ಸಿನ ಮುಂದೆ ನಿಜವಾಗಿ ಇತ್ತು. ನಾಯಕಿಯ ಮೇಲೆ ಬಿದ್ದ ಬೆಳಕೇ ಅದರ ಮೇಲೂ ಬಿದ್ದಿದೆ, ಅದರ ನೆರಳು ನೆಲಕ್ಕೆ ಅಂಟಿದೆ, ನಾಯಕಿಯ ನೋಟ ಅದರ ಕಣ್ಣಿಗೇ ನಾಟಿದೆ. ಸಮಯವಿಲ್ಲದೆ ಮಾಡಿದ ಕಂಪ್ಯೂಟರ್ ಹಾವಿಗೆ ನೆಲದ ಮೇಲೆ ಭಾರವಿಲ್ಲ, ನೆರಳು ಬೇರೆ ದಿಕ್ಕಿಗೆ ಬಿದ್ದಿರುತ್ತದೆ, ಹಸಿರು ಪರದೆಯ ಮುಂದೆ ನಿಂತ ನಟಿ ಹಾವಿನ ಹೆಡೆಗಿಂತ ಒಂದು ಮೊಳ ಮೇಲೆ ನೋಡುತ್ತಿರುತ್ತಾಳೆ. ಇನ್ನೂ ಮುಖ್ಯವಾದದ್ದು, ಅದು ‘ನಾನು ನಿಜ’ ಎಂಬ ಭರವಸೆ ಕೊಟ್ಟೇ ತೆರೆಗೆ ಬರುತ್ತದೆ. 2016ರಲ್ಲಿ ಕೋಡಿ ರಾಮಕೃಷ್ಣ ‘ನಾಗರಹಾವು’ ಚಿತ್ರದಲ್ಲಿ, 2009ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನಿಂದ ಮತ್ತೆ ಮೂಡಿಸಿದರು. ಕನ್ನಡದ ಮಟ್ಟಿಗೆ ಅದು ಸಣ್ಣ ಖರ್ಚಿನ ಚಿತ್ರವಲ್ಲ, ಯತ್ನವೂ ಸಣ್ಣದಲ್ಲ. ಆದರೆ ಅದು ತನಗೆ ತಾನೇ ಹಾಕಿಕೊಂಡ ಡ್ರಾಯಿಂಗ್ ಎಷ್ಟು ಕಠಿಣ! ಕರ್ನಾಟಕದ ಮನೆಮನೆಗೂ ಪರಿಚಿತವಾದ ಮುಖ, ಆ ನಡಿಗೆ, ಕಡಗ ತಿರುಗಿಸುವ ಆ ಕೈ. ಅಳತೆಗೋಲು ಲಕ್ಷಾಂತರ ಜನರ ನೆನಪಿನಲ್ಲೇ ಇದೆ. ಗಿಳಿಯಾಗಿಸುವ ಶಾಪ ಅಲ್ಲಿ ನೆರವಿಗೆ ಬರುವಂತಿಲ್ಲ. ಯತ್ನಕ್ಕೆ ಪೂರ್ತಿ ಅಂಕ ಕೊಟ್ಟ ಮೇಲೂ, ಮಾತು ಉಳಿಸಿಕೊಂಡದ್ದಕ್ಕೆ ಅರ್ಧ ಅಂಕವನ್ನಷ್ಟೇ ನಾನು ಕೊಡಬಲ್ಲೆ. ಅದಕ್ಕೂ ನಾಲ್ಕು ವರ್ಷ ಮೊದಲು, 2012ರಲ್ಲಿ ತ್ರಿಡಿಯಲ್ಲಿ ಬಂದ ‘ಕಠಾರಿವೀರ ಸುರಸುಂದರಾಂಗಿ’ಯಲ್ಲಿ ಅಂಬರೀಷ್ ಯಮನಾಗಿ ಸಿಂಹಾಸನದಲ್ಲಿ ಕೂತಾಗ ಸುತ್ತಲಿನ ಲೋಕ ಎಷ್ಟೇ ಗಿಲೀಟಾಗಿ ಕಂಡರೂ ಕಿರಿಕಿರಿಯಾಗುವುದಿಲ್ಲ. ಯಮಲೋಕ ನಮಗೆ ನಾಟಕದ ಪರದೆಯಿಂದಲೇ ಪರಿಚಯವಾದದ್ದು, ಗಿಲೀಟು ಅದರ ಸಹಜ ಬಣ್ಣ.

ಹೀಗೆ ಹೇಳಿದರೆ ಎಲ್ಲ ಚಿತ್ರಕ್ಕೂ ವಿನಾಯಿತಿ ಸಿಕ್ಕಂತಾಗಲಿಲ್ಲವೇ, ‘ದುಡ್ಡಿರಲಿಲ್ಲ ಸ್ವಾಮಿ’ ಎಂದವರಿಗೆಲ್ಲ ಪಾಸ್‌ಮಾರ್ಕೇ ಎಂದು ಕೇಳಬಹುದು. ಇಲ್ಲ, ಈ ಅಳತೆಯಲ್ಲಿ ಫೇಲಾಗುವುದು ಹೆಚ್ಚು ಸುಲಭ. 1986ರ ‘ಆಫ್ರಿಕಾದಲ್ಲಿ ಶೀಲಾ’ವನ್ನು ತೆಗೆದುಕೊಳ್ಳಿ. ದ್ವಾರಕೀಶ್ ಆಫ್ರಿಕಾದ ಕಾಡಿಗೇ ತಂಡ ಕಟ್ಟಿಕೊಂಡು ಹೋದರು. ಕನ್ನಡದ ನಿರ್ಮಾಪಕರೊಬ್ಬರು ಹಾಗೆ ಹೊರಟದ್ದನ್ನು ಮೆಚ್ಚಲೇಬೇಕು. ಆದರೆ ಕಾಡು ಅಸಲಿಯಾದಷ್ಟೂ, ಟಾರ್ಜನ್ ಮಾದರಿಯ ಎರವಲು ಕಥೆಯ ನಕಲಿತನ ಎದ್ದು ಕಾಣುತ್ತದೆ. ರಟ್ಟಿನ ಕಾಡಿನಲ್ಲಿ ನಡೆದಿದ್ದರೆ ಒಪ್ಪಬಹುದಾಗಿದ್ದ ಸಂಗತಿಗಳು ಅಲ್ಲಿ ಒಪ್ಪುವುದಿಲ್ಲ. ಖರ್ಚು, ಸಾಹಸ ಎರಡೂ ಇದ್ದು ನನ್ನ ಪಟ್ಟಿಯಲ್ಲಿ ಅದು ಕೆಳಗೇ ಉಳಿಯುತ್ತದೆ. ಅದಕ್ಕಿಂತಲೂ ಕೆಳಗೆ ನಿಲ್ಲುವುದು ಬೇಕೆಂದೇ ಕೆಟ್ಟದಾಗಿ ಮಾಡಿ, ‘ನೋಡಿ ನಗಿ’ ಎಂದು ಬಿಡುಗಡೆ ಮಾಡುವ ಸರಕು. 2013ರಲ್ಲಿ ಅಮೆರಿಕದ ಟಿವಿಗೆ ಬಂದ, ಸುಂಟರಗಾಳಿಯಲ್ಲಿ ಶಾರ್ಕ್‌ಗಳು ಹಾರಿ ಬರುವ ‘ಶಾರ್ಕ್‌ನೇಡೊ’ ಮಾದರಿಯ ಚಿತ್ರಗಳಲ್ಲಿ ಯಾರೂ ಏನನ್ನೂ ಪಣಕ್ಕಿಟ್ಟಿಲ್ಲ. ಸೋಲುವ ಭಯವೇ ಇಲ್ಲದ ಆಟದಲ್ಲಿ ನೋಡುವಂಥದ್ದೇನೂ ಉಳಿಯದು. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1964ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಇಂಥ ಕೃತಿಗಳ ರುಚಿ ಇರುವುದು ಅವುಗಳ ಗಂಭೀರತೆ ಸೋಲುವಲ್ಲಿ ಎಂಬರ್ಥದ ಮಾತು ಬರೆದರು. ಗಂಭೀರತೆ ಬೇಕೇ ಬೇಕು ಎಂಬ ಅರ್ಧವನ್ನು ಒಪ್ಪುತ್ತೇನೆ. ಸೋಲುವುದರಲ್ಲೇ ರುಚಿ ಎಂಬುದನ್ನು ಮಾತ್ರ ಒಪ್ಪಲಾರೆ. ಮಾಯವಾಗುವ ರಾಕ್ಷಸನ ದೃಶ್ಯದಲ್ಲಿ ಸೋತದ್ದು ಒಂದು ಕೂದಲೆಳೆ, ಗೆದ್ದದ್ದು ಉಳಿದೆಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಈ ಚಿತ್ರಗಳ ಮೊದಲ ಪ್ರೇಕ್ಷಕರು ನಗಲಿಲ್ಲ. ಅವರು ಹೆದರಿದರು, ಕೈಮುಗಿದರು, ದೇವಿ ಪ್ರತ್ಯಕ್ಷಳಾದಾಗ ಕಣ್ಣೀರಿಟ್ಟರು. ಅವರ ಭಕ್ತಿ, ಬೆರಗುಗಳನ್ನು ಇವತ್ತಿನವರು ಸೋಫಾದ ಮೇಲೆ ಕೂತು ತಮಾಷೆ ಮಾಡಿದರೆ ಅದು ಬಡವರ ರುಚಿಯನ್ನು ಉಳ್ಳವರು ಆಡಿಕೊಂಡ ಹಾಗೆ. ಈ ಆಕ್ಷೇಪದಲ್ಲಿ ಬಹಳಷ್ಟು ನಿಜವಿದೆ. 20 ಸೆಕೆಂಡಿನ ತುಣುಕಿನ ನಗು ಹೆಚ್ಚಾಗಿ ಅಂಥದ್ದೇ, ಅದು ಕಥೆಯನ್ನು ಕಿತ್ತುಹಾಕಿ ಹಗ್ಗವನ್ನಷ್ಟೇ ಉಳಿಸುತ್ತದೆ. ಆದರೆ ಟೆಂಟಿನ ಜನ ಮುಗ್ಧರಾಗಿ ಎಲ್ಲವನ್ನೂ ನಂಬಿಬಿಟ್ಟಿದ್ದರು ಎನ್ನುವುದೂ ಅವರನ್ನು ಕೀಳಾಗಿ ಕಂಡಂತೆಯೇ. ಚೌಕಿಗೆ ಹೋಗಿ ಬಣ್ಣ ನೋಡಿ ಬಂದವರು ಅವರು. ನೆಲದ ಮೇಲೆ ಕೂತವನಿಗೂ ದಾರ ಕಂಡಿರುತ್ತದೆ. ಅವನು ಅದನ್ನು ನೋಡಿಯೂ ಕಥೆಯ ಜೊತೆ ಹೋಗುವ ದೊಡ್ಡತನ ತೋರಿದ. ಪೂರ್ತಿ ಚಿತ್ರ ಕೂತು ನೋಡಿ, ನಗುವಲ್ಲಿ ನಕ್ಕು, ಬೆರಗಾಗುವಲ್ಲಿ ಬೆರಗಾಗಿ ಎದ್ದು ಬರುವವರು ಇವತ್ತೂ ಅವನ ಸಾಲಿನವರೇ.

ಇನ್ನು ನೀತಿಯ ಮಾತು. ಮೋಹಿನಿ ಎಂದರೆ ಗಂಡಸನ್ನು ಬಲಿ ತೆಗೆದುಕೊಳ್ಳುವವಳು, ಪತಿವ್ರತೆ ಎಂದರೆ ಅವಳನ್ನು ಗೆಲ್ಲುವವಳು ಎಂಬ ಹಂಚಿಕೆ ಈ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಟ್ರಿಕ್ ಫೋಟೊಗ್ರಫಿಯ ಹೊಗೆಯಲ್ಲಿ ಮರೆಮಾಚುವುದು ಬೇಡ. ಕೈಕೆಲಸಕ್ಕೆ ಕೊಟ್ಟ ಅಂಕ ನೀತಿಗೆ ಕೊಟ್ಟ ಅಂಕವಾಗುವುದಿಲ್ಲ. ಕೋಟಿಗಟ್ಟಲೆ ಸುರಿದು ಮಾಡಿದ ಇವತ್ತಿನ ಚಿತ್ರಗಳಿಗೂ ಈ ಪ್ರಶ್ನೆಯನ್ನು ಅಷ್ಟೇ ಖಾರವಾಗಿ ಕೇಳುವುದಾದರೆ ನ್ಯಾಯ.

ಅಂಕ ಕೊಡುವುದು ಬರೀ ರುಚಿಯ ಜಗಳವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಕಡಿಮೆ ಅಂಕ ಬಿದ್ದ ಚಿತ್ರವನ್ನು ಯಾರೂ ಜೋಪಾನ ಮಾಡುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ನಮ್ಮ ಬಳಿ ಉಳಿದಿಲ್ಲ. ರಾವಣನ ಸೊಸೆಯ ಆ ಕಥೆಯಲ್ಲಿ ಇಂದ್ರಜಿತುವಿನ ಮಾಯಾಯುದ್ಧವನ್ನು ಹೇಗೆ ತೋರಿಸಿದರು, ಬಾಣಗಳು ದಾರದ ಮೇಲೆ ಓಡಿದವೋ ಇನ್ನೇನೋ, ನೋಡಿ ತಿಳಿಯುವ ದಾರಿಯೇ ಇಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಷ್ಟರಲ್ಲಿ ಕನ್ನಡದ ಮೊದಲ 30 ವರ್ಷ ಮುಗಿದಿತ್ತು. ಇವತ್ತು ಹಳೆಯ ಚಿತ್ರಗಳನ್ನು ದುರಸ್ತಿ ಮಾಡಿ ಡಿಜಿಟಲ್‌ಗೆ ಇಳಿಸಲು ಹೊರಟಾಗ ಪ್ರಶಸ್ತಿ ಬಂದವು, ದೊಡ್ಡ ನಿರ್ದೇಶಕರವು, ಶ್ರೇಷ್ಠವೆಂದು ಪಟ್ಟಿಯಾದವು ಮುಂದೆ ಬರುತ್ತವೆ. ನಾಗಕನ್ಯೆಯರ ಸರದಿ ಬರುವ ಹೊತ್ತಿಗೆ ನೆಗೆಟಿವ್ ಕೆಟ್ಟು ವಿನೆಗರ್ ವಾಸನೆ ಹೊಡೆಯುತ್ತಿರುತ್ತದೆ. ಆದ್ದರಿಂದ ವಿಮರ್ಶೆ ಬರೆಯುವವರೂ ಪಟ್ಟಿ ಮಾಡುವವರೂ ಒಂದು ಅಂಕದ ಬದಲು ಎರಡು ಅಂಕ ಬರೆಯಲಿ: ಚಿತ್ರ ಒಟ್ಟಾರೆ ಹೇಗಿದೆ ಎಂಬುದಕ್ಕೆ ಒಂದು, ಕೈಯಲ್ಲಿದ್ದ ಸಾಮಗ್ರಿಯಿಂದ ಏನನ್ನು ಕಟ್ಟಿತು ಎಂಬುದಕ್ಕೆ ಇನ್ನೊಂದು. ಮೊದಲನೆಯದರಲ್ಲಿ ಎರಡು, ಎರಡನೆಯದರಲ್ಲಿ ಐದು ಬಂದ ಚಿತ್ರಗಳ ನೆಗೆಟಿವ್‌ಗಳನ್ನು ಹುಡುಕುವ ಕೆಲಸ ಮೊದಲು ಶುರುವಾಗಲಿ, ಏಕೆಂದರೆ ಅವುಗಳಿಗೆ ಮೀಸಲಾದ ಕಪಾಟು ಎಲ್ಲೂ ಇಲ್ಲ.